ಭುಜದ ಮೇಲೆ ಕೂತವನು

ಬೆಳಗಿನ ಪಾಳಿಗೆ ಹೋದವನು ಹೋದ ದಾರಿಯಲ್ಲೇ ವಾಪಸು ಬಂದ. ಕೈಯಲ್ಲಿದ್ದ ಊಟದ ಡಬ್ಬಿ ಇನ್ನೂ ಬಿಸಿಯಾಗಿತ್ತು. ವಾಶ್‌ಬೇಸಿನ್ ಕಾರ್ಖಾನೆಯಲ್ಲಿ ಅವನದು ಮೆರುಗು ಹೊಡೆಯುವ ಕೆಲಸ. ಶನಿವಾರ ಸಂಜೆಯವರೆಗೂ ಬೇಸಿನ್ ಸುಡುವ ಗೂಡು ಉರಿಯುತ್ತಿತ್ತು, ಮೇಲ್ವಿಚಾರಕ ಎಂದಿನಂತೆ ಎಲ್ಲರಿಗೂ ಬೈಯುತ್ತಿದ್ದ, ಯಾರ ಬಾಯಿಂದಲೂ ಒಂದು ಸುಳಿವು ಬಿದ್ದಿರಲಿಲ್ಲ. ಸೋಮವಾರ ನೋಡಿದರೆ ಗೇಟಿಗೆ ಹೊಸ ಬೀಗ. ಬೀಗದ ಪಕ್ಕ ಪ್ಲಾಸ್ಟಿಕ್ ಹೊದಿಸಿದ ನೋಟೀಸು. ಮಳೆ ಬಂದರೆ ಕಾಗದ ನೆನೆಯಬಾರದು ಅಂತ ಅಷ್ಟು ಮುತುವರ್ಜಿ ವಹಿಸಿದವರಿಗೆ ಜನರಿಗೆ ಒಂದು ಮಾತು ಮೊದಲೇ ಹೇಳೋಣ ಅಂತ ಅನ್ನಿಸಿರಲಿಲ್ಲ.

ಮಾರುಕಟ್ಟೆಯಲ್ಲಿ ಉಂಟಾದ ಅನಿರೀಕ್ಷಿತ ಆಘಾತದಿಂದಾಗಿ ಉತ್ಪಾದನೆ ನಿಲ್ಲಿಸಲಾಗಿದೆ ಅಂತ ಬರೆದಿತ್ತು. ಗುಂಪಿನಲ್ಲಿದ್ದ ಒಬ್ಬ ಅದನ್ನು ಜೋರಾಗಿ ಓದಿದ.

"ಆಘಾತ ಅಂದ್ರೆ ಏನೋ?"

"ಶಾಕು ಕಣೋ, ಶಾಕು."

"ಯಾರಿಗೆ?"

"ಮಾರ್ಕೆಟ್ಟಿಗೆ."

"ಅಯ್ಯೋ ಪಾಪ! ಹುಷಾರಾಗಿದೆಯಂತಾ ಈಗ?"

ಒಂದಿಬ್ಬರು ನಕ್ಕರು. ಯಾರೋ ಗೇಟಿಗೆ ಒದ್ದರು. ಕಾವಲುಗಾರ ತನ್ನ ಗೂಡಂಗಡಿಯಷ್ಟಗಲದ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಮೆರುಗಿನ ಕೆಲಸದವನು ಸ್ವಲ್ಪ ಹೊತ್ತು ನಿಂತಿದ್ದು, ಹೆಂಡತಿಗೆ ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಯೋಚಿಸುತ್ತ ಮನೆಗೆ ಬಂದ.

ಹೆಂಡತಿ ಅಡುಗೆಮನೆಯ ಕಟ್ಟೆ ಹಿಡಿದು ಬಗ್ಗಿ ನಿಂತಿದ್ದಳು. ಯೋಚಿಸಿಕೊಂಡು ಬಂದದ್ದೆಲ್ಲ ಮರೆತು, "ಕಾರ್ಖಾನೆ ಮುಚ್ಚಿಬಿಟ್ರು" ಅಂದ. ಅವಳು ತಿರುಗಿದಳು. ಏನೋ ಹೇಳಲು ಬಾಯಿ ತೆರೆದಳು. ಕೈ ಕಟ್ಟೆಯಿಂದ ಜಾರಿತು, ಗೋಡೆಗೆ ಬೆನ್ನು ಉಜ್ಜಿಕೊಂಡು ಹಾಗೇ ನೆಲಕ್ಕೆ ಕುಸಿದಳು.

ನಡುಮನೆಯಿಂದ ಅವನ ತಾಯಿ ಓಡಿಬಂದರು. "ನಿಂಗೇನು ಬುದ್ಧಿ ಇದೆಯೇನೋ? ಹಿಂಗಾ ಹೇಳೋದು? ಸುದ್ದಿ ಕೇಳಿ ಶಾಕ್ ಆಯ್ತು ನೋಡು ಮಗೂಗೆ!"

ಆ ಮಾತು ಅವಳಿಗೆ ಮೆತ್ತಿಕೊಂಡದ್ದು ಆಗ. ಆಮೇಲೆ ಅದನ್ನು ಕೀಳಲು ಹೊಟ್ಟೆಯನ್ನೇ ಕೊಯ್ಯಬೇಕಾಯಿತು.

ಮುಖಕ್ಕೆ ನೀರು ಚಿಮುಕಿಸಿದರು. ಸಕ್ಕರೆ ನೀರು ಕುಡಿಸಿದರು. ಪಕ್ಕದ ಮನೆಯಾಕೆ ಬಂದು ಮ್ಯಾಗಜೀನಿನಿಂದ ಗಾಳಿ ಹಾಕುತ್ತ, ತನ್ನ ಚಿಕ್ಕಪ್ಪನಿಗೂ ಹೀಗೇ ಆಗಿತ್ತು ಅಂತ ಕತೆ ತೆಗೆದಳು. ಗಂಡನಿಗೆ ಅಷ್ಟು ಗಾಬರಿಯ ನಡುವೆಯೂ ಎದೆಯಲ್ಲಿ ಒಂದಿಷ್ಟು ಬೆಚ್ಚಗಾಯಿತು. ನನ್ನ ಕೆಲಸ ಹೋದದ್ದಕ್ಕೆ ಇವಳಿಗೆ ಇಷ್ಟು ಸಂಕಟವೇ ಅಂತ ಅವಳ ತಲೆ ನೇವರಿಸಿದ. ಅವಳ ಹಣೆ ಒದ್ದೆಯಾಗಿ ತಣ್ಣಗಿತ್ತು. ಅದು ಚಿಮುಕಿಸಿದ ನೀರು ಅಂದುಕೊಂಡ.

ಈ ಸೊಸೆ ಗಡಿಯಾಚೆಯವಳು. ಅಲ್ಲಿನ ಒಂದು ಕಾರ್ಖಾನೆಯವರಿಗೆ ಮೆರುಗು ಹೊಡೆಯುವುದನ್ನು ಕಲಿಸಿ ಬಾ ಅಂತ ಕಂಪನಿ ಅವನನ್ನು ಕಳಿಸಿತ್ತು. ಕಲಿಸಲು ಹೋದವನು ಪ್ಯಾಕಿಂಗ್ ವಿಭಾಗದವಳನ್ನು ಮದುವೆಯಾಗಿ ಬಂದ. ಬಂದು ವರ್ಷವಾಗುತ್ತ ಬಂದರೂ ಬೀದಿಯಲ್ಲಿ ಅವಳ ಹೆಸರು ಹೊಸಬಳು. ಮಾತು ಬೇಗ ಕಲಿತಳು. ಬಸ್ಸಿನಲ್ಲಿ, ಅಂಗಡಿಯಲ್ಲಿ, ನಲ್ಲಿಯ ಹತ್ತಿರ ಯಾರ ಹಂಗೂ ಇಲ್ಲದೆ ವ್ಯವಹಾರ ಮಾಡಿಕೊಂಡು ಬರುತ್ತಿದ್ದಳು. ಒಂದೇ ಕಡೆ ಎಡವುತ್ತಿದ್ದಳು. ಅವಳ ಭಾಷೆಯಲ್ಲಿ ಜೀವವಿಲ್ಲದ ವಸ್ತುವೂ ಗಂಡೋ ಹೆಣ್ಣೋ ಆಗಿರಲೇಬೇಕು. ನಮ್ಮಲ್ಲಿ ಅವೆಲ್ಲ ಬರೀ 'ಅದು' ಅಂತ ಎಷ್ಟು ಹೇಳಿಕೊಟ್ಟರೂ ಅವಸರದಲ್ಲಿ ಮರೆತುಹೋಗುತ್ತಿತ್ತು. ಬಸ್ಸು ಬಂದಳು ಅನ್ನುತ್ತಿದ್ದಳು. ಹಾಲು ಉಕ್ಕಿದ, ಬಾಗಿಲು ಮುಚ್ಚಿಕೊಂಡ ಅನ್ನುತ್ತಿದ್ದಳು. ಮನೆಯವರಿಗೆ ಅದೊಂದು ತಮಾಷೆ. ಅವಳು ಬಾಯಿ ತೆರೆದರೆ ಸಾಕು, ಏನು ಹೇಳುತ್ತಾಳೆ ಅನ್ನುವುದಕ್ಕಿಂತ ಹೇಗೆ ಹೇಳುತ್ತಾಳೆ ಅಂತ ಕಾಯುತ್ತಿದ್ದರು.

ಹಿಂದಿನ ವಾರ ತಿಂಡಿಯ ಹೊತ್ತಿಗೆ ಅವಳು ಹೊಟ್ಟೆ ಹಿಡಿದುಕೊಂಡು, "ಅತ್ತೆ, ನೋವು ಬಂದಿದ್ದಾನೆ" ಅಂದಿದ್ದಳು.

"ಎಲ್ಲಿಂದ ಬಂದ? ಊಟಕ್ಕೆ ಇರ್ತಾನಂತಾ?" ಅಂದಿದ್ದರು ಅತ್ತೆ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಇನ್ನೇನು ಮಾಡುತ್ತಾಳೆ?

ಅತ್ತೆ ಕೆಟ್ಟವರಲ್ಲ. ಮರುದಿನ ತಾವೇ ಬೀದಿ ತಿರುವಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ವಾಕರಿಕೆ, ಸುಸ್ತು, ಕೆಳಹೊಟ್ಟೆಯಲ್ಲಿ ಒಂದು ಪಕ್ಕ ಹಿಡಿದಂತೆ ಅಂತ ಅವಳು ಒಂದೊಂದೇ ಪದ ಹುಡುಕಿ ಹೇಳುತ್ತಿದ್ದರೆ, ಡಾಕ್ಟರು ಅವಳ ಮಾತು ಮುಗಿಯುವ ಮೊದಲೇ ಅತ್ತೆಯ ಕಡೆ ತಿರುಗಿ ನಕ್ಕರು. "ಹೊಸ ಜಾಗ, ಹೊಸ ನೀರು, ಹೊಸ ಜನ. ಇದಕ್ಕೆ ಕಲ್ಚರ್ ಶಾಕ್ ಅಂತೀವಿ. ತಾನಾಗೇ ಸರಿಹೋಗುತ್ತೆ" ಅಂತ ಒಂದು ಟಾನಿಕ್ ಬರೆದುಕೊಟ್ಟರು. ಅತ್ತೆ ಆ ಎರಡು ಪದಗಳನ್ನು ಮನೆಗೆ ಹೊತ್ತು ತಂದು ಬೀದಿಗೆಲ್ಲ ಹಂಚಿದರು. ನಮ್ಮ ಸೊಸೆಗೆ ಕಲ್ಚರ್ ಶಾಕಂತೆ. ಪಾಪ, ದೂರದಿಂದ ಬಂದವಳು, ಆಗದೆ ಇರುತ್ತಾ?

ಆ ಮನೆಯ ಹಿರಿಮಗಳು ಬೇರೆ ಇದ್ದಳು. ತಮ್ಮನಿಗಿಂತ ತುಂಬ ದೊಡ್ಡವಳು, ಗಂಡನಿಲ್ಲ, ತರಕಾರಿ ಸಗಟು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ವಾಸ. ಅದೇ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವಳ ಕೆಲಸ. ಬೆಳಗಾಗುತ್ತಲೇ ಕೋಸಿನ ಮೂಟೆ, ಟೊಮೆಟೊ ಕ್ರೇಟುಗಳ ರಾಶಿಯ ಮೇಲೆ ಹತ್ತಿ ನಿಂತು ಕೂಗಿದಳೆಂದರೆ ಲಾರಿಗಳ ಹಾರ್ನಿನ ಮೇಲೂ ಕೇಳಿಸುತ್ತಿತ್ತು. ಅವಳಿಗೆ ಮೈಕು ಅಂತಲೇ ಹೆಸರು ಬಿದ್ದಿತ್ತು. ತಮ್ಮನ ಫೋನು ಬಂದಾಗ ಹರಾಜು ಇನ್ನೂ ಅರ್ಧದಲ್ಲಿತ್ತು.

"ಅಕ್ಕ, ಕೆಲಸ ಹೋಯ್ತು. ಇವಳಿಗೆ ಶಾಕ್ ಆಗಿ ಬಿದ್ದಿದ್ದಾಳೆ. ಏನು ಮಾಡ್ಲಿ?"

"ಮಾತಾಡ್ತಿದ್ದಾಳಾ?"

"ಏನೋ ಗೊಣಗ್ತಾಳೆ. ಅಮ್ಮ ಮಲಗಿಸಿ ಅಂತಿದ್ದಾರೆ."

ಮೈಕು ತನ್ನ ಜಾಗಕ್ಕೆ ಇನ್ನೊಬ್ಬನನ್ನು ಹತ್ತಿಸಿ, ತರಕಾರಿ ಇಳಿಸಿ ಖಾಲಿ ನಿಂತಿದ್ದ ಒಂದು ಗೂಡ್ಸ್ ಆಟೋದವನನ್ನು ಹಿಡಿದು ಅದರಲ್ಲೇ ಬಂದಳು. ಚಾಪೆಯ ಮೇಲೆ ಮಲಗಿದ್ದವಳನ್ನು ಒಂದು ಸಲ ನೋಡಿದಳು. ತುಟಿಗೂ ಗೋಡೆಯ ಸುಣ್ಣಕ್ಕೂ ವ್ಯತ್ಯಾಸ ಇರಲಿಲ್ಲ. ಕೈ ಮುಟ್ಟಿದಳು. ಕೋಲ್ಡ್ ಸ್ಟೋರೇಜಿನಿಂದ ತೆಗೆದಂತಿತ್ತು.

"ಎತ್ತೋ ಇವಳನ್ನ."

"ಸುದ್ದಿ ಕೇಳಿ ಹಿಂಗಾಗಿದೆ ಅಷ್ಟೇ ಕಣೇ," ಅಂದರು ತಾಯಿ. "ಒಂದು ನಿದ್ದೆ ಮಾಡಿದ್ರೆ..."

"ಎತ್ತು ಅಂದೆ."

ಕೋಸಿನ ಒಣಗಿದ ಎಲೆಗಳ ಮೇಲೆ ಚಾಪೆ ಹಾಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೈಕು ಹಿಂದೆ ಕೂತಳು. ಆಟೋ ಹಳ್ಳಕ್ಕೆ ಬಿದ್ದು ಏಳುವಾಗಲೆಲ್ಲ ಹೊಸಬಳು ಹಲ್ಲು ಕಚ್ಚುತ್ತಿದ್ದಳು, ಕೂಗುತ್ತಿರಲಿಲ್ಲ. ಕೂಗಲು ಶಕ್ತಿ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಆಸ್ಪತ್ರೆಯ ತುರ್ತು ವಿಭಾಗ ಅವತ್ತು ಸಂತೆಯಾಗಿತ್ತು. ಕಾರ್ಖಾನೆಯ ಗೇಟಿನ ಮುಂದೆ ಎದೆ ಹಿಡಿದುಕೊಂಡವರು, ತಲೆ ಸುತ್ತಿ ಬಿದ್ದವರು, ಅವರನ್ನು ಕರೆತಂದವರು, ಎಲ್ಲರೂ ಅಲ್ಲಿದ್ದರು. ಒಂದು ಮೂಲೆಯಲ್ಲಿ ಕುರ್ಚಿಗಳನ್ನು ದುಂಡಗೆ ಜೋಡಿಸಿ, ನಡುವೆ ಒಂದು ಟಿಶ್ಯೂ ಡಬ್ಬ ಇಟ್ಟು, 'ಆಪ್ತ ಸಮಾಲೋಚನೆ' ಅಂತ ಬೋರ್ಡು ಹಾಕಿದ್ದರು. ಗೋಡೆಯ ಮೇಲಿನ ಟೀವಿಯಲ್ಲಿ ಕೋಟು ಹಾಕಿದವನೊಬ್ಬ ಕೈ ತಿರುಗಿಸುತ್ತ, ಆರ್ಥಿಕತೆಗೆ ಆಗಾಗ ಇಂಥ ಶಾಕ್ ಬೇಕಾಗುತ್ತೆ, ಜಡ್ಡು ಬಿಟ್ಟುಹೋಗುತ್ತೆ, ಸ್ವಲ್ಪ ದಿನ ಕಷ್ಟ, ಆಮೇಲೆ ಒಳ್ಳೆಯದೇ ಅಂತ ವಿವರಿಸುತ್ತಿದ್ದ. ಅವನ ಕಷ್ಟ ಯಾವ ಊರಲ್ಲಿತ್ತೋ.

ಕರ್ತವ್ಯದಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವನು. ಕಣ್ಣು ಕೆಂಪಗಾಗಿದ್ದವು. ತಲೆ ಎತ್ತದೆ ಕೇಳಿದ.

"ಬೇಸಿನ್ ಕಾರ್ಖಾನೆಯವರಾ?"

"ಅವನು ಕಾರ್ಖಾನೆಯವನು. ಇವಳು ಅವನ ಹೆಂಡತಿ. ಕುಸಿದು ಬಿದ್ದಿದ್ದಾಳೆ," ಅಂದಳು ಮೈಕು.

"ಯಾವಾಗ?"

"ಕೆಲಸ ಹೋದ ಸುದ್ದಿ ಹೇಳಿದ ತಕ್ಷಣ," ಅಂದ ತಮ್ಮ.

"ಮೊದಲಿಂದಾನೂ ಕಲ್ಚರ್ ಶಾಕ್ ಇದೆ ಡಾಕ್ಟ್ರೇ ಇವಳಿಗೆ," ಅಂತ ತಾಯಿ ಹಿಂದಿನಿಂದ ಸೇರಿಸಿದರು.

ಡಾಕ್ಟರು ಹೊಸಬಳ ಮೇಲೆ ಬಗ್ಗಿ, ನಾಡಿ ಹಿಡಿದು, "ಏನಾಗ್ತಿದೆ ಹೇಳಿ" ಅಂದ. ಅವಳು ತುಂಬ ಕಷ್ಟಪಟ್ಟು ಎಡಗೈ ಎತ್ತಿ ಬಲಭುಜದ ಮೇಲಿಟ್ಟುಕೊಂಡಳು.

"ಇಲ್ಲಿ ಕೂತಿದ್ದಾನೆ."

"ಯಾರು?"

"ಮೊದಲು ಹೊಟ್ಟೆಯಲ್ಲಿ ಇದ್ದ. ಈಗ ಮೇಲೆ ಹತ್ತಿದ. ಇಲ್ಲಿ ಕೂತಿದ್ದಾನೆ. ಇಳಿಯಲ್ಲ."

ಡಾಕ್ಟರು ನರ್ಸಿನ ಮುಖ ನೋಡಿದ. ನರ್ಸು ಡಾಕ್ಟರ ಮುಖ ನೋಡಿದಳು. "ಇದಕ್ಕೆ ಮುಂಚೆ ಇವರಿಗೆ ಹೀಗೆ ಯಾರಾದ್ರೂ ಕಾಣಿಸ್ತಾ ಇದ್ರಾ?" ಅಂತ ಅವನು ದನಿ ತಗ್ಗಿಸಿ ಗಂಡನನ್ನು ಕೇಳಿದ.

"ನೋವು ಕಣ್ರೀ ಅದು!" ಮೈಕು ಕಿರುಚಿದಳು. "ನೋವು ಕೂತಿದೆ ಅಂತಿದ್ದಾಳೆ. ಅವಳ ಭಾಷೆಲಿ ನೋವು ಗಂಡಸು!"

ಈ ಮಾತು ಕೇಳಿ ಡಾಕ್ಟರು ಈಗ ಮೈಕುವಿನ ಕಡೆಯೂ ಅದೇ ರೀತಿ ನೋಡಿದ. "ನೀವೂ ಸ್ವಲ್ಪ ಕೂತ್ಕೊಳ್ಳಿಮ್ಮ. ನಿಮಗೂ ಶಾಕ್ ಆಗಿದೆ."

ನರ್ಸು ತೋಳಿಗೆ ಪಟ್ಟಿ ಸುತ್ತಿ ಬಿಪಿ ಮಷಿನ್ನಿನ ಗುಂಡಿ ಒತ್ತಿದಳು. ಅದು ಗುರ್ರೆಂದು ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು, ಏನನ್ನೂ ತೋರಿಸಲಿಲ್ಲ. "ಇದೊಂದು ದರಿದ್ರ ಮಷಿನ್ನು," ಅಂತ ಅವಳು ಪಟ್ಟಿ ಬಿಚ್ಚಿದಳು. ಡಾಕ್ಟರು, "ನಾಡಿ ಓಡ್ತಿದೆ, ಗಾಬರಿಗೆ ಹಂಗಾಗುತ್ತೆ. ಶಾಂತವಾಗೋಕೆ ಒಂದು ಇಂಜೆಕ್ಷನ್ ಕೊಡಿ. ಸಮಾಲೋಚಕರು ನೋಡ್ಲಿ, ಆಮೇಲೆ ಮನೋವೈದ್ಯರಿಗೆ ಕಳಿಸೋಣ" ಅಂದು ಮುಂದಿನ ಹಾಸಿಗೆಗೆ ಹೋದ. ಎದೆನೋವಿನ ಒಬ್ಬ ಗಂಡಸು ಅಲ್ಲಿ ಕಾಯುತ್ತಿದ್ದ. ಅವನಿಗೆ ಇಸಿಜಿ ತೆಗೆದರು.

ಹೊಸಬಳ ಸ್ಟ್ರೆಚರನ್ನು ಮೂಲೆಗೆ ತಳ್ಳಿದರು. ಸಮಾಲೋಚಕಿ ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗಿ. ಅವಳು ಎದ್ದು ಬಂದು ಮೆಲ್ಲಗೆ, "ನಿಧಾನವಾಗಿ ಉಸಿರು ತಗೊಳ್ಳಿ ಮೇಡಂ. ಇಂಥ ಸುದ್ದಿ ಕೇಳಿದಾಗ ಹೀಗಾಗೋದು ಸಹಜ" ಅಂದಳು.

"ನಿಮಗೆ ಇಷ್ಟು ಬೇಗ ಹೇಗೆ ಗೊತ್ತಾಯ್ತು?" ಕುರ್ಚಿಯಲ್ಲಿ ಕೂತಿದ್ದ ಕಾರ್ಖಾನೆಯವನೊಬ್ಬ ಕೇಳಿದ. "ನಮಗೇ ಬೆಳಗ್ಗೆ ಗೊತ್ತಾಗಿದ್ದು."

ಹುಡುಗಿ ಏನೂ ಅರಿಯದೆ ಹೇಳಿಬಿಟ್ಟಳು. "ನಿಮ್ಮ ಕಂಪನಿಯಿಂದ ಶುಕ್ರವಾರವೇ ಫೋನ್ ಬಂದಿತ್ತಲ್ಲ. ಸೋಮವಾರ ಜನಕ್ಕೆ ಶಾಕ್ ಆಗುತ್ತೆ, ಬಂದು ನೋಡ್ಕೊಳ್ಳಿ ಅಂತ."

ಕುರ್ಚಿಗಳಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಕಂಪನಿಯವರು ತಲೆಸುತ್ತಿಗೆ ಔಷಧಿ ಸಿದ್ಧಮಾಡಿಟ್ಟುಕೊಂಡು ಆಮೇಲೆ ತಲೆಗೆ ಹೊಡೆದಿದ್ದರು. ಶನಿವಾರ ಬೈಯುತ್ತಿದ್ದ ಮೇಲ್ವಿಚಾರಕನಿಗೂ ಗೊತ್ತಿತ್ತೋ ಏನೋ. ಕೇಳಿದವನು ತನ್ನ ಕೈಯಲ್ಲಿದ್ದ ಟಿಶ್ಯೂವನ್ನು ಮುದ್ದೆಮಾಡಿ ಡಬ್ಬದ ಪಕ್ಕ ಇಟ್ಟ. ಒಬ್ಬ ವಯಸ್ಸಾದವನು ಟೀವಿಯ ಕಡೆ ನೋಡಿ ಒಂದು ಕೆಟ್ಟ ಬೈಗುಳ ಬೈದ. ಸಮಾಲೋಚಕಿಯ ಮುಖ ಕೆಂಪಾಯಿತು. ತಾನು ಏನು ಹೇಳಿದೆನೆಂದು ಅವಳಿಗೆ ಆಗ ಹೊಳೆಯಿತು. ಏನು ಮಾಡಬೇಕೆಂದು ತೋಚದೆ ಹೊಸಬಳ ಕೈ ಹಿಡಿದುಕೊಂಡಳು.

ಹಿಡಿದ ಕೈಯನ್ನು ಅವಳು ಬಿಡಲಿಲ್ಲ. ತಿರುಗಿಸಿ ನೋಡಿದಳು. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಹೇಳಿಕೊಟ್ಟಂತೆ ಉಗುರು ಒತ್ತಿ ಬಿಟ್ಟಳು, ಬಿಳುಪು ಬಿಳುಪಾಗೇ ಉಳಿಯಿತು. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದಳು. ಅಷ್ಟರಲ್ಲಿ ನರ್ಸು ಸಿರಿಂಜು ಹಿಡಿದು ಬಂದಿದ್ದಳು.

"ಕೊಡಬೇಡಿ," ಅಂದಳು ಹುಡುಗಿ. "ಇದು ನಾನು ನೋಡೋ ಶಾಕ್ ಅಲ್ಲ."

"ಮತ್ತೆ?"

"ನಿಮ್ಮ ಕಡೆಯ ಶಾಕು. ಇವರ ಮೈಯಲ್ಲಿ ರಕ್ತಾನೇ ಇಲ್ಲ. ಡಾಕ್ಟರನ್ನ ಕರೀರಿ."

"ಡಾಕ್ಟ್ರು ನೋಡಿ ಆಯ್ತಲ್ಲ ಮೇಡಂ. ಅವರು ಬರೆದಿದ್ದನ್ನ ನಾನು ಕೊಡಬೇಕು."

ಹುಡುಗಿ ಓಡಿದಳು. ಡಾಕ್ಟರು ಆ ಕಡೆಯ ಹಾಸಿಗೆಯ ಹತ್ತಿರ ಇದ್ದ. "ಬರ್ತೀನಿ, ಒಂದು ನಿಮಿಷ" ಅಂತ ಕೈಯಾಡಿಸಿದ. ಹುಡುಗಿಯ ದನಿ ಜನರನ್ನು ಸಮಾಧಾನ ಮಾಡಲೆಂದೇ ಪಳಗಿಸಿದ ದನಿ. ಆ ಗದ್ದಲದಲ್ಲಿ ಅದು ಅವಳ ಗಂಟಲು ದಾಟಿ ಆಚೆ ಬರಲಿಲ್ಲ. ಅವಳು ತಿರುಗಿ ಮೈಕುವಿನ ಮುಖ ನೋಡಿದಳು.

ಮೈಕು ಹತ್ತಿರವಿದ್ದ ಕುರ್ಚಿ ಎಳೆದು ಮೇಲೆ ಹತ್ತಿದಳು.

"ಏಯ್! ಎಲ್ಲಾರೂ ಕೈಯಲ್ಲಿರೋ ಕೆಲಸ ಬಿಡಿ! ಇಲ್ಲಿ ಒಂದು ಜೀವ ಹೋಗ್ತಾ ಇದೆ! ವಾರದಿಂದ ನೋವು ನೋವು ಅಂತ ಬಡ್ಕೊಂಡಿದ್ದಾಳೆ, ಒಬ್ಬ ಕಲ್ಚರ್ ಅಂದ, ಒಬ್ಬ ಗಾಬರಿ ಅಂದ, ಒಬ್ಬ ದೆವ್ವ ಅಂದ! ಹೊಟ್ಟೆ ಮುಟ್ಟಿ ನೋಡಿದೋನು ಒಬ್ಬ ಇದ್ದಾನಾ? ಯಾವನಾದ್ರೂ ಮುಟ್ಟಿದ್ದೀರಾ? ಅವಳ ಹೊಟ್ಟೆ ಮುಟ್ಟಿ ನೋಡ್ರೋ ಮೊದಲು!"

ಅಂಥ ದನಿ ಆ ಗೋಡೆಗಳು ಕೇಳಿರಲಿಲ್ಲ. ಅಳುತ್ತಿದ್ದವರು ಅಳು ನಿಲ್ಲಿಸಿದರು. ಮೇಲಿನ ಮಹಡಿಯಿಂದ ಯಾರೋ ಮೆಟ್ಟಿಲಲ್ಲಿ ಬಗ್ಗಿ ನೋಡಿದರು. ಡಾಕ್ಟರು ಬಂದ. ಬರುವಾಗ ಅವನ ಮುಖದಲ್ಲಿ ಸಿಡುಕು ಇತ್ತು. ಹೊಟ್ಟೆಯ ಮೇಲೆ ಕೈ ಇಟ್ಟ ಕೂಡಲೇ ಸಿಡುಕು ಹೋಯಿತು. ಹೊಟ್ಟೆ ಹಲಗೆಯಂತಾಗಿತ್ತು. ಕೈಯಿಂದ ಅದುಮುವ ಹಳೇ ಬಿಪಿ ಮಷಿನ್ ತರಿಸಿ ಕಿವಿಗೆ ಕೊಳವೆ ಹಾಕಿಕೊಂಡು ಎರಡು ಸಲ ನೋಡಿದ. ಆಮೇಲೆ ಅವನು ಓಡಾಡಿದ ರೀತಿ, ಕೂಗಿದ ರೀತಿ ಬೇರೆ. ಎರಡೂ ಕೈಗೆ ಸೂಜಿ ಚುಚ್ಚಿದರು, ಸಲೈನ್ ಬಾಟಲಿಗಳನ್ನು ಕೈಯಲ್ಲಿ ಹಿಂಡಿದರು, ಸ್ಟ್ರೆಚರು ಓಡಿತು.

ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ಬಂದ ಹಿರಿಯ ಲೇಡಿ ಡಾಕ್ಟರು ಟೋಪಿ ಕಟ್ಟಿಕೊಳ್ಳುತ್ತಲೇ ಹೇಳಿದರು. "ಬಸಿರು ಗರ್ಭಕೋಶದಲ್ಲಿ ನಿಂತಿಲ್ಲ, ಪಕ್ಕದ ನಳಿಕೆಯಲ್ಲಿ ನಿಂತಿದೆ. ಅದು ಒಡೆದಿದೆ. ಹೊಟ್ಟೆ ತುಂಬ ರಕ್ತ. ಅದು ಮೇಲಕ್ಕೇರಿ ಒತ್ತಿದಾಗ ಭುಜ ನೋಯುತ್ತೆ. ಈಗಾಗಲೇ ಶಾಕ್‌ನಲ್ಲಿದ್ದಾರೆ."

"ಹೌದು ಮೇಡಂ, ನಾನು ಸುದ್ದಿ ಹೇಳಿದಾಗಲೇ..." ಅಂದ ಗಂಡ.

"ಯಾವ ಸುದ್ದಿ? ಮೈಗೆ ರಕ್ತ ಸಾಲದೆ ಅಂಗಗಳು ಸೋಲೋದಕ್ಕೆ ನಾವು ಶಾಕ್ ಅನ್ನೋದು. ಸುದ್ದಿ ಗಿದ್ದಿ ಏನಿಲ್ಲ. ರಕ್ತ ಬೇಕು, ಎಷ್ಟು ಸಿಕ್ಕಿದರೆ ಅಷ್ಟು. ಜನ ಇದ್ದಾರಾ?"

ಜನಕ್ಕೆ ಬರವಿರಲಿಲ್ಲ. ಆಪ್ತ ಸಮಾಲೋಚನೆಯ ಕುರ್ಚಿಗಳೆಲ್ಲ ಒಂದೇ ಸಲ ಖಾಲಿಯಾದವು. ತಲೆ ಸುತ್ತಿ ಬಿದ್ದವರನ್ನು ರಕ್ತನಿಧಿಯವರು ವಾಪಸು ಕಳಿಸಿದರೆ ಅವರು ಜಗಳಕ್ಕೆ ನಿಂತರು. ಟೀವಿಗೆ ಬೈದಿದ್ದ ಮುದುಕನನ್ನು ವಯಸ್ಸಾಯಿತು ಅಂದರು. "ನಿನ್ನೆವರೆಗೂ ಬೇಸಿನ್ ಹೊರೋಕೆ ವಯಸ್ಸಿತ್ತು, ಇದಕ್ಕೆ ಇಲ್ವಾ?" ಅಂತ ಅವನು ಅಂಗಿಯ ತೋಳು ಮಡಚಿಕೊಂಡೇ ನಿಂತಿದ್ದ. ಮೆರುಗಿನವನು ಮೆಟ್ಟಿಲ ಮೇಲೆ ಕೂತು ತಲೆ ತಗ್ಗಿಸಿಕೊಂಡಿದ್ದ. ತನ್ನ ಕೆಲಸಕ್ಕಾಗಿ ಅವಳು ಕುಸಿದಳು ಅಂತ ಬೆಳಗ್ಗೆ ತಾನು ಒಳಗೊಳಗೇ ಹಿಗ್ಗಿದ್ದು ಅವನಿಗೆ ನೆನಪಾಯಿತು. ಅಕ್ಕನಿಗೆ ಅದನ್ನು ಹೇಳಲು ಹೋಗಲಿಲ್ಲ. ಹೇಳಿದ್ದರೆ ಅವಳು ಕಪಾಳಕ್ಕೆ ಬಿಡುತ್ತಿದ್ದಳು.

ಹೊಸಬಳು ಉಳಿದಳು. ಒಂದು ಕಡೆಯ ನಳಿಕೆಯನ್ನು ತೆಗೆದುಹಾಕಿದ್ದರು.

ಮರುದಿನ ಆಸ್ಪತ್ರೆಯ ಮೇಲಧಿಕಾರಿ ಮೈಕುವನ್ನು ತಮ್ಮ ಕೋಣೆಗೆ ಕರೆಸಿದರು. ಮೆತ್ತನೆಯ ಸೋಫಾ, ಗಾಜಿನ ಮೇಜು, ಮೂಲೆಯಲ್ಲೊಂದು ಕುಂಡ. ಕುರ್ಚಿ ಹತ್ತಿ ಕೂಗಿದ ಹೆಂಗಸು ದೂರು ಕೊಡುತ್ತಾಳಂತೆ ಅನ್ನುವುದು ಅವರ ಕಿವಿಗೆ ಬಿದ್ದಿತ್ತು. ನೀರು ತರಿಸಿ ಕೊಟ್ಟು, ಕೈ ಕೈ ಹೊಸೆದುಕೊಂಡು ಶುರುಮಾಡಿದರು.

"ನಿಮ್ಮ ಮನಸ್ಥಿತಿ ನಮಗೆ ಅರ್ಥ ಆಗುತ್ತಮ್ಮ. ದೊಡ್ಡ ಶಾಕ್ ಆದಾಗ ಮನುಷ್ಯ ಮೊದಲು ನಂಬೋದಿಲ್ಲ, ಆಮೇಲೆ ಸಿಟ್ಟಾಗ್ತಾನೆ, ಕೊನೆಗೆ ಒಪ್ಕೊಳ್ತಾನೆ. ನೀವೀಗ ಸಿಟ್ಟಿನ ಹಂತದಲ್ಲಿದ್ದೀರಿ. ನಾಲ್ಕು ದಿನ ಹೋಗ್ಲಿ, ಆಮೇಲೆ ದೂರು ಕೊಡಬೇಕೋ ಬೇಡವೋ ಯೋಚನೆ ಮಾಡಿ."

"ಇದು ಹಂತ ಅಲ್ಲ ಸಾರ್. ಇದು ನನ್ನ ಸಿಟ್ಟು."

"ಅದೇ ನಾನು ಹೇಳ್ತಿರೋದು. ಶಾಕ್ ಆದಾಗ..."

"ನಂಗೆ ಶಾಕ್ ಆಗಿಲ್ಲ!" ಮೈಕು ನೀರಿನ ಲೋಟವನ್ನು ಗಾಜಿನ ಮೇಲೆ ಕುಕ್ಕಿದಳು. "ಯಾಕೆ ಆಗಬೇಕು? ಕಾರ್ಖಾನೆ ಮುಚ್ಚೋರು ಹೇಳದೆ ಮುಚ್ತಾರೆ ಅಂತ ನಂಗೆ ಮೊದಲೇ ಗೊತ್ತಿತ್ತು. ಹೆಂಗಸು ಹೊಟ್ಟೆನೋವು ಅಂದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ ಅಂತಾನೂ ಗೊತ್ತಿತ್ತು. ಗೊತ್ತಿಲ್ಲದ್ದು ನಡೆದ್ರೆ ಶಾಕು. ಗೊತ್ತಿರೋದೇ ನಡೆದ್ರೆ ಅದು ಸಿಟ್ಟು. ನಿಮ್ಮ ಹುಡುಗ ಡಾಕ್ಟ್ರು ಗಂಡಸಿನ ಎದೆನೋವಿಗೆ ಮಷಿನ್ ಹಚ್ಚಿದ, ಇವಳ ಹೊಟ್ಟೆ ಮುಟ್ಟಲಿಲ್ಲ. ಅದಕ್ಕೆ ಯಾವ ಶಾಕು ಅಂತೀರಿ? ಅದಕ್ಕೊಂದು ಹೆಸರು ಹೇಳಿ, ನಾನು ಎದ್ದು ಹೋಗ್ತೀನಿ."

ಮೇಲಧಿಕಾರಿ ಕುಂಡದ ಕಡೆ ನೋಡಿದರು. ಮೈಕು ಹೊರಗೆ ಬಂದು ದೂರು ಬರೆಸಿದಳು. ಬರೆಯಲು ಕೂತದ್ದು ಆ ಸಮಾಲೋಚಕಿಯೇ. ಕಂಪನಿಯವರು ಇನ್ನು ನಿನ್ನನ್ನು ಕರೆಯುವುದಿಲ್ಲ ಬಿಡು ಅಂತ ಮೈಕು ಎಚ್ಚರಿಸಿದಳು. "ಕರೆದ್ರೂ ಹೋಗಲ್ಲ. ಶುಕ್ರವಾರವೇ ಯಾಕೆ ಕರೀತಿದ್ದಾರೆ ಅಂತ ನಾನು ಕೇಳಬೇಕಿತ್ತು" ಅಂದಳು ಹುಡುಗಿ, ಬರೆಯುವುದನ್ನು ನಿಲ್ಲಿಸದೆ.

ಹುಡುಗ ಡಾಕ್ಟರು ಸಂಜೆ ವಾರ್ಡಿಗೆ ಬಂದ. ಹೊಸಬಳು ನಿದ್ದೆಯಲ್ಲಿದ್ದಳು. ಮೈಕುವಿನ ಮುಂದೆ ನಿಂತು, "ತಪ್ಪಾಯ್ತು" ಅಂದ.

"ನಂಗ್ಯಾಕೆ ಹೇಳ್ತೀರಿ? ಅವಳು ಏಳಲಿ. ಅವಳಿಗೆ ಹೇಳಿ. ಅರ್ಥ ಆಗೋ ಹಾಗೆ ನಿಧಾನವಾಗಿ ಹೇಳಿ, ಓಡಿಹೋಗಬೇಡಿ."

ಅವನು ಸ್ಟೂಲು ಎಳೆದುಕೊಂಡು ಕೂತ. ಅವಳಿಗೆ ಎಚ್ಚರವಾದ ಮೇಲೆ ಹೇಳಿದ. ಹೊಸಬಳು ಪೂರ್ತಿ ಕೇಳಿಸಿಕೊಂಡು, "ನೀವು 'ಯಾರು' ಅಂತ ಕೇಳಿದ್ರಿ. ನಾನು ಹೇಳಿ ಮುಗಿಸೋಕೆ ಮುಂಚೆ ಹೋದ್ರಿ" ಅಂದಳು. ಅಷ್ಟೇ. ಪರವಾಗಿಲ್ಲ ಅಂತ ಅವಳು ಅನ್ನಲಿಲ್ಲ. ಅವನು ಅದಕ್ಕೆ ಸ್ವಲ್ಪ ಹೊತ್ತು ಕಾದು ಎದ್ದುಹೋದ.

ಅತ್ತೆ ಹಣ್ಣಿನ ಚೀಲ ಹಿಡಿದು ಬಂದದ್ದು ಅದರ ಮರುದಿನ. ಬಂದವರೇ ಸೊಸೆಯ ಕೆನ್ನೆ ಸವರಿ, "ಏನೂ ಯೋಚನೆ ಮಾಡಬೇಡ. ಹೊಸ ಜಾಗ ಅಲ್ವಾ, ಯಾರಿಗೆ ತಾನೇ ಗೊತ್ತಾಗುತ್ತೆ..." ಅಂತ ಇನ್ನೂ ಮುಗಿಸಿರಲಿಲ್ಲ, ಹೊಸಬಳು ಮೊಣಕೈ ಊರಿ ಎದ್ದು ಕೂತಳು. ಹೊಲಿಗೆ ಎಳೆದು ಮುಖ ಕಿವುಚಿಕೊಂಡಿತು. ಆದರೂ ಕೂತಳು. ತನ್ನ ಭಾಷೆಯಲ್ಲಿ ಶುರುಮಾಡಿದಳು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಆಮೇಲೆ ಇಡೀ ವಾರ್ಡು ತಿರುಗಿ ನೋಡುವ ಹಾಗೆ. ಎಲ್ಲೂ ತಡವರಿಸಲಿಲ್ಲ, ಪದ ಹುಡುಕಲಿಲ್ಲ. ಅವಳು ಇಷ್ಟು ಸರಾಗವಾಗಿ ಮಾತಾಡಬಲ್ಲಳು ಅಂತ ಆ ಮನೆಯವರಿಗೆ ಗೊತ್ತಾದದ್ದೇ ಅವತ್ತು. ಅತ್ತೆಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಬೈಗುಳ ಅಂತ ಗೊತ್ತಾಗಲು ಭಾಷೆ ಬೇಕಾಗಿರಲಿಲ್ಲ. ಅರ್ಥವಾಗುತ್ತಿದ್ದದ್ದು ಗಂಡನೊಬ್ಬನಿಗೆ. ಅವನು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತ ನಿಂತಿದ್ದ.

"ಏನಂತಿದ್ದಾಳೋ?" ತಾಯಿ ಗಾಬರಿಯಲ್ಲಿ ಕೇಳಿದರು.

"ಮುಟ್ಟು ನಿಂತಿದೆ ಅಂತ ನಿಮಗೆ ಹೇಳೋಕೆ ಮೂರು ಸಲ ಬಂದಿದ್ಲಂತೆ. ಆ ಪದ ಹೇಳೋಕೆ ಬರದೆ ತಡವರಿಸಿದ್ಲಂತೆ. ನೀವು ನಕ್ರಂತೆ."

"ನೀನೂ ನಗ್ತಿದ್ದೆಯಲ್ಲೋ!"

"ಅದನ್ನೂ ಹೇಳ್ತಿದ್ದಾಳೆ," ಅಂದ ಮಗ.

ಮೈಕು ಎದ್ದಳು. ತಾಯಿಯ ಕೈಯಿಂದ ಹಣ್ಣಿನ ಚೀಲ ತೆಗೆದು ಮೇಜಿನ ಕೆಳಗಿಟ್ಟಳು.

ದೂರಿನ ವಿಚಾರಣೆ ನಡೆದು ಉತ್ತರ ಬಂತು. ಸಂವಹನದ ಕೊರತೆಯಿಂದ ಚಿಕಿತ್ಸೆಯಲ್ಲಿ ವಿಳಂಬವಾಗಿದೆ ಅಂತ ಅದರಲ್ಲಿತ್ತು. ಕೊರತೆ ಯಾರದು ಅಂತ ಇರಲಿಲ್ಲ. ಮೈಕು ಅದರ ವಿರುದ್ಧ ಇನ್ನೂ ಮೇಲಿನವರಿಗೆ ದೂರು ಕೊಟ್ಟಳು. ಅದು ಇನ್ನೂ ಓಡುತ್ತಿದೆ. ತುರ್ತು ವಿಭಾಗಕ್ಕೆ ಕುಸಿದು ಬರುವ ಹೆಂಗಸರಿಗೆ ಮೊದಲು ಬಸಿರಿನ ಪರೀಕ್ಷೆ ಮಾಡಬೇಕು, ಮಷಿನ್ನು ತೋರಿಸದಿದ್ದರೆ ಕೈಯಲ್ಲೇ ಬಿಪಿ ನೋಡಬೇಕು ಅಂತ ಆ ಹುಡುಗ ಡಾಕ್ಟರು ಗೋಡೆಗೆ ಒಂದು ಹಾಳೆ ಅಂಟಿಸಿದ್ದಾನೆ ಅಂತ ಸಮಾಲೋಚಕಿ ಬಂ‍ದು ಹೇಳಿದಳು. ಕಾರ್ಖಾನೆ ತೆರೆಯಲಿಲ್ಲ. ಶುಕ್ರವಾರದ ಫೋನಿನ ವಿಷಯವನ್ನು ಹುಡುಗಿ ಕಾರ್ಮಿಕ ಇಲಾಖೆಯ ಮುಂದೆ ನಿಂತು ಹೇಳಿದ್ದರಿಂದ ನೋಟೀಸಿನಲ್ಲಿದ್ದ 'ಅನಿರೀಕ್ಷಿತ' ಅನ್ನುವ ಪದವನ್ನು ಕಂಪನಿಯ ವಕೀಲ ವಾಪಸು ತೆಗೆದುಕೊಳ್ಳಬೇಕಾಯಿತು. ಜನ ಈಗಲೂ ಪಾಳಿಯ ಮೇಲೆ ಗೇಟಿನ ಮುಂದೆ ಧರಣಿ ಕೂರುತ್ತಾರೆ.

ಹೊಸಬಳು ತವರಿಗೆ ಹೋದಳು. ಗಂಡ ಗಡಿಯವರೆಗೆ ಬಿಟ್ಟುಬಂದ. ವಾಪಸು ಬರುತ್ತಾಳೋ ಇಲ್ಲವೋ ಅಂತ ಯಾರಿಗೂ ಗೊತ್ತಿರಲಿಲ್ಲ, ಅವನು ಕೇಳುವ ಧೈರ್ಯವನ್ನೂ ಮಾಡಲಿಲ್ಲ. ಮಾರುಕಟ್ಟೆಯಲ್ಲಿ ಕ್ರೇಟು ಹೊರುತ್ತ ಅಕ್ಕನ ಮನೆಯಲ್ಲೇ ಇದ್ದ. ಚಳಿ ಮುಗಿಯುವ ಹೊತ್ತಿಗೆ ಒಂದು ದಿನ ಅವಳೇ ಬಂದಳು. ಬಂದವಳು ಹಳೇ ಮನೆಯ ಬೀದಿಗೆ ಕಾಲಿಡಲಿಲ್ಲ. ಮಾರುಕಟ್ಟೆಯ ಹಿಂದೆ, ಅತ್ತಿಗೆ ಮೈಕುವಿನ ಮನೆಗೆ ಎದುರಾಗಿ, ಒಂದು ಕೋಣೆ ಬಾಡಿಗೆಗೆ ಹಿಡಿದಳು. ಅಂಗಡಿಗಳಿಗೆ ಡಬ್ಬ ಪ್ಯಾಕ್ ಮಾಡಿಕೊಡುವ ಕೆಲಸ ಹುಡುಕಿಕೊಂಡಳು.

ಅತ್ತೆ ಒಂದು ಮಧ್ಯಾಹ್ನ ಆ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲೇ ಅಂತ ಕೇಳಿದರು. ಸ್ವಂತ ಸೊಸೆಯ ಮನೆಯಲ್ಲಿ ಹಾಗೆ ಕೇಳಬೇಕಾಗಿ ಬಂದದ್ದಕ್ಕೆ ಅವರ ಮುಖ ಸಣ್ಣಗಾಗಿತ್ತು. ಹೊಸಬಳು ಅಂಟಿನ ಕೈ ಒರೆಸಿಕೊಂಡು, ಡಬ್ಬಗಳನ್ನು ಸರಿಸಿ ಕೂರಲು ಜಾಗ ಮಾಡಿದಳು.

"ಹೆಂಗಿದ್ದೀಯಮ್ಮ? ನಾನು ಅವತ್ತೇ ಅಂದೆ..." ಅಂತ ಅತ್ತೆ ತೆಗೆದರು.

"ಅತ್ತೆ," ಅಂದಳು ಸೊಸೆ. "ಇವತ್ತು ನೀವು ಮಾತಾಡಬೇಡಿ. ನಾನು ಹೇಳ್ತೀನಿ. ಪದ ಸಿಗದೆ ಇದ್ರೆ ಕಾಯಿರಿ. ನಗಬೇಡಿ."

ಅತ್ತೆ ಸೆರಗನ್ನು ತೊಡೆಯ ಮೇಲೆ ಎಳೆದುಕೊಂಡು ಕೂತರು. ಹೊಸಬಳು ಮದುವೆಯಾಗಿ ಬಂದು ಬಸ್ಸಿಳಿದ ದಿನದಿಂದ ಶುರುಮಾಡಿದಳು.